ಹಳೆ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕ್ ತಗೊಳ್ಳುವ ಮೊದಲು ವಾಲ್ವ್ ಅಳೆಸಿ

ಮಣ್ಣಿನ ಟ್ರ್ಯಾಕಿನ ರೇಸಿಗೆಂದು ಸೆಕೆಂಡ್ ಹ್ಯಾಂಡ್ ಮೋಟೋಕ್ರಾಸ್ ಬೈಕ್ ಹುಡುಕುತ್ತಿದ್ದೀರಾ? ಅದರಲ್ಲೂ 250 ಸಿಸಿ ಫೋರ್ ಸ್ಟ್ರೋಕ್ ಒಂದು ಕಡಿಮೆಗೆ ಸಿಗುತ್ತಿದೆ ಅಂತ ಖುಷಿಯಲ್ಲಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾನು ಯಾರನ್ನೂ ಸರಿಯಾಗಿ ಕೇಳದೆ ತಗೊಂಡವನು. 2 ಲಕ್ಷ 60 ಸಾವಿರ ಕೊಟ್ಟು ತಂದ ಬೈಕ್ ನನ್ನ ಕೈಯಲ್ಲಿ ಓಡಿದ್ದು ಬರೀ 9 ಗಂಟೆ. ಈಗ ಅಡಿಕೆ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದೆ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ. ಸುತ್ತಮುತ್ತ ಪದವು, ಅಂದರೆ ಬೋಳು ಗುಡ್ಡದ ಬಯಲು, ಪದವಿನ ತುಂಬ ಕೆಂಪುಕಲ್ಲಿನ ಕೋರೆಗಳು. ಕಲ್ಲು ಕಡಿದು ಬಿಟ್ಟ ಜಾಗಗಳೇ ನಮಗೆ ಟ್ರ್ಯಾಕ್. ನಾನು ಅಲ್ಲಿ ಬಿದ್ದು ಎದ್ದು ಕಲಿತದ್ದು ದೊಡ್ಡಪ್ಪನ ಮಗನ ಆರ್‌ಎಕ್ಸ್ 100ರಲ್ಲಿ. ಹಾಗಾಗಿ ಟೂ ಸ್ಟ್ರೋಕ್ ಅಂದರೆ ಮೊದಲಿನಿಂದಲೂ ಒಂದು ಮಮತೆ. ಆ ಹೊಗೆಯ ವಾಸನೆ ಬಂದರೆ ಈಗಲೂ ತಿರುಗಿ ನೋಡುತ್ತೇನೆ.

ಬೈಕ್ ಹುಡುಕುವಾಗ ಎರಡು ಸಿಕ್ಕಿದ್ದವು. ಪುತ್ತೂರು ಕಡೆ ಒಂದು 125 ಟೂ ಸ್ಟ್ರೋಕ್. ತೆಂಕಿನ ಒಂದು ಜಿಲ್ಲೆಯಲ್ಲಿ 250 ಫೋರ್ ಸ್ಟ್ರೋಕ್. ರೇಸಿನಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಕ್ಲಾಸಿಗೆ ಬರುತ್ತವೆ. ಅದಕ್ಕಿಂತ ಮೇಲಿನ ಕ್ಲಾಸಿನಲ್ಲಿ 250 ಟೂ ಸ್ಟ್ರೋಕ್ ಜೊತೆ 450 ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಮ್ಮೆ ಉರಿಯುತ್ತದೆ, ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಅದಕ್ಕೇ ಹೆಚ್ಚುಕಡಿಮೆ ಅರ್ಧ ಸಿಸಿಯ ಲೆಕ್ಕ. ಓಡಿಸುವಾಗ ಮಾತ್ರ ಎರಡೂ ಸಮ ಅಲ್ಲ. 125ಕ್ಕೆ ಕೆಳಗಿನ ಆರ್‌ಪಿಎಂನಲ್ಲಿ ಜೀವವೇ ಇಲ್ಲ. ತಿರುವಿನಲ್ಲಿ ಒಂದು ಗೇರ್ ತಪ್ಪಿದರೆ ಕೆಸರಲ್ಲಿ ಹೂತ ಎಮ್ಮೆಯ ಹಾಗೆ ನಿಲ್ಲುತ್ತದೆ. ಕ್ಲಚ್ ಎಳೆದು, ಅರಚಿಸಿ ಎಬ್ಬಿಸಬೇಕು. ಫೋರ್ ಸ್ಟ್ರೋಕ್ ಸುಮ್ನೆ ಥ್ರಾಟಲ್ ಕೊಟ್ಟರೆ ಎಳೆದುಕೊಂಡು ಹೋಗುತ್ತದೆ. ಥ್ರಾಟಲ್ ಬಿಟ್ಟರೆ ಇಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತದೆ.

ಎಲ್ಲರೂ ಹೇಳಿದ್ದು ಇದನ್ನೇ. "ಟೂ ಸ್ಟ್ರೋಕಿನ ಕಾಲ ಮುಗಿಯಿತು ಮಾರಾಯ." ಸುಳ್ಳೇನೂ ಅಲ್ಲ. 1998ರಲ್ಲಿ ರೇಸರ್ ಡಗ್ ಹೆನ್ರಿ 400 ಸಿಸಿ ಫೋರ್ ಸ್ಟ್ರೋಕ್ ಯಮಹಾದಲ್ಲಿ ಅಮೆರಿಕದ 250 ಕ್ಲಾಸಿನ ಮೋಟೋಕ್ರಾಸ್ ಚಾಂಪಿಯನ್ ಆದ ಮೇಲೆ ಗಾಳಿ ಆ ಕಡೆಗೇ ಬೀಸಿತು. ಹೋಂಡಾ 2007ರ ಮಾಡೆಲ್ ಆದ ಮೇಲೆ ತನ್ನ ಸಿಆರ್ ಟೂ ಸ್ಟ್ರೋಕ್‌ಗಳನ್ನೇ ನಿಲ್ಲಿಸಿತು. ಆದರೆ ಆ ಚಾಂಪಿಯನ್‌ಗಳ ಹಿಂದೆ ಒಂದು ಲಾರಿ ತುಂಬ ಸ್ಪೇರ್ ಪಾರ್ಟ್ಸ್, ನಾಲ್ಕು ಜನ ಮೆಕ್ಯಾನಿಕ್‌ಗಳು ಇರುತ್ತಾರೆ. ನನ್ನ ಹಿಂದೆ ಇದ್ದದ್ದು ಬಾಡಿಗೆಯ ಪಿಕಪ್ ಮತ್ತು ಅಪ್ಪನ ಬೈಗುಳ.

ಫೋರ್ ಸ್ಟ್ರೋಕ್ ನೋಡಲು ಹೋದೆ. ನಾವು ಅಂಗಳಕ್ಕೆ ಕಾಲಿಡುವಾಗಲೇ ಬೈಕ್ ಸ್ಟಾರ್ಟ್ ಆಗಿ ನಿಂತಿತ್ತು. "ಬಿಸಿ ಮಾಡಿ ಇಟ್ಟಿದ್ದಾರೆ, ಒಳ್ಳೆ ಜನ" ಅಂದುಕೊಂಡೆ. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕ್ಕರ್, ಹೊಸ ಹಿಂದಿನ ಟಯರ್. ಇಂಜಿನ್ ಓಡಿದ ಗಂಟೆ ಲೆಕ್ಕ ಹಾಕುವ ಅವರ್ ಮೀಟರ್‌ನಲ್ಲಿ 12 ಗಂಟೆ. ಏನಾದರೂ ಕೆಲಸ ಇದೆಯಾ ಅಂತ ಕೇಳಿದ್ದಕ್ಕೆ "ಒರು ಪ್ರಶ್ನವುಂ ಇಲ್ಲ ಮೋನೇ" ಅಂದರು, ಏನೂ ತೊಂದರೆ ಇಲ್ಲ ಮಗಾ ಅಂತ. ಚಹಾ ಬೇರೆ ಕೊಟ್ಟರು. ಕಾಲಿಡುವ ಪೆಗ್ಗಿನ ಹಲ್ಲುಗಳು ಸವೆದು ಬೋಳಾಗಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. 12 ಗಂಟೆಯಲ್ಲಿ ಪೆಗ್ ಹಾಗೆ ಸವೆಯುತ್ತದಾ? ಆವತ್ತು ತಲೆಗೆ ಹೋಗಲಿಲ್ಲ. ಆ ಮೀಟರ್ ಅಂದರೆ ಸ್ಪಾರ್ಕ್ ಪ್ಲಗ್ಗಿನ ವಯರಿಗೆ ಸುತ್ತಿದ ಒಂದು ಪುಟ್ಟ ಡಬ್ಬಿ. ಯಾವಾಗ ಬೇಕಾದರೂ ತೆಗೆದು ಹೊಸತು ಅಂಟಿಸಬಹುದು.

ಮನೆಗೆ ತಂದ ಮರುದಿನ ಬೆಳಿಗ್ಗೆ ಕಿಕ್ ಹೊಡೆದೆ. ಹತ್ತು, ಇಪ್ಪತ್ತು, ಮೂವತ್ತು. ಅಮ್ಮ ಜಗಲಿಯಲ್ಲಿ ನಿಂತು "ಅದಕ್ಕೆ ಎಂತ ಆಗಿದೆ?" ಅಂತ ಕೇಳಿದರು. ಕೊನೆಗೆ ಇಳಿಜಾರಿನಲ್ಲಿ ತಳ್ಳಿಸಿ ಸ್ಟಾರ್ಟ್ ಮಾಡಿದೆ. ಓಡುವಾಗ ಮಾತ್ರ ಚಿನ್ನದ ಹಾಗೆ ಓಡಿತು. ಅದೇ ಮೋಸ. ಮುಂದೆ ಪ್ರತಿ ವಾರ ಕಿಕ್ ಜಾಸ್ತಿಯಾಗುತ್ತಾ ಹೋಯಿತು. ನಾನು ಕಾರ್ಬ್ಯುರೇಟರ್ ಬಿಚ್ಚಿದೆ, ಪ್ಲಗ್ ಬದಲಿಸಿದೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೊಳೆದೆ. ಎಲ್ಲ ಬಿಚ್ಚಿದೆ, ಬಿಚ್ಚಬೇಕಾದ್ದನ್ನು ಬಿಟ್ಟು.

9ನೇ ಗಂಟೆ. ಕೋರೆಯ ಉದ್ದದ ನೇರದಲ್ಲಿ ಮೂರನೇ ಗೇರು, ಫುಲ್ ಥ್ರಾಟಲ್. ಬಕೆಟಿಗೆ ಕಲ್ಲು ಬಿದ್ದ ಹಾಗೆ ಒಂದು ಸದ್ದು. ಹಿಂದಿನ ಚಕ್ರ ಲಾಕ್. ನಾನು ಹ್ಯಾಂಡಲಿನ ಮೇಲಿಂದ ಹಾರಿ ಕೆಂಪುಮಣ್ಣಿನಲ್ಲಿ ಜಾರಿದೆ. ಭುಜದ ಮೂಳೆ ಉಳಿಯಿತು, ಪುಣ್ಯ.

ಇಂಜಿನ್ ಬಿಚ್ಚಿದ್ದು ಮಂಗಳೂರಿನ ಒಬ್ಬ ಹಿರಿಯ ಮೆಕ್ಯಾನಿಕ್. ಇಂಜಿನ್ನಿನ ಒಳಗೆ ಗಾಳಿ, ಪೆಟ್ರೋಲ್ ಬಿಡುವ ಇಂಟೇಕ್ ವಾಲ್ವಿನ ತಲೆ ಕಡಿದು ಪಿಸ್ಟನ್ನಿಗೆ ಬಿದ್ದಿತ್ತು. ಪಿಸ್ಟನ್ನಿನಲ್ಲಿ ತೂತು, ಸಿಲಿಂಡರಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನ ಒಳಗೆಲ್ಲ ಗುದ್ದಿದ ಗುರುತು. ಅವರು ಮಾತಾಡದೆ ಉಳಿದ ಇಂಟೇಕ್ ವಾಲ್ವಿನ ಮೇಲಿನ ಶಿಮ್ ತೆಗೆದು ಮೈಕ್ರೋಮೀಟರ್‌ಗೆ ಹಿಡಿದರು. ಶಿಮ್ ಅಂದರೆ ವಾಲ್ವಿನ ಮೇಲಿನ ಗ್ಯಾಪ್ ಹೊಂದಿಸಲು ಹಾಕುವ, ಅಂಗಿಯ ಗುಂಡಿಯಷ್ಟು ಚಿಕ್ಕ ಉಕ್ಕಿನ ಬಿಲ್ಲೆ. 1.20 ಮಿ.ಮೀ. ತೋರಿಸಿತು. "ಇದಕ್ಕಿಂತ ತೆಳ್ಳಗಿನದ್ದು ಕಿಟ್‌ನಲ್ಲಿ ಬರುವುದೇ ಇಲ್ಲ" ಅಂದರು. "ನಿನಗೆ ಮಾರಿದವರಿಗೆ ಎಲ್ಲ ಗೊತ್ತಿತ್ತು ಮಾರಾಯ."

ವಿಷಯ ಇಷ್ಟೇ. ಈ ಬೈಕ್‌ಗಳ ಇಂಜಿನ್ 13,000 ಆರ್‌ಪಿಎಂ ದಾಟಿ ತಿರುಗುತ್ತದೆ. ಅಷ್ಟು ವೇಗಕ್ಕೆ ಹಗುರ ಬೇಕು ಅಂತ ಟೈಟಾನಿಯಂ ವಾಲ್ವ್ ಹಾಕುತ್ತಾರೆ. ಅದರ ಮೇಲೆ ತೆಳುವಾದ ಗಟ್ಟಿ ಲೇಪ ಇರುತ್ತದೆ. ನಮ್ಮ ಕೆಂಪು ಧೂಳು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಮರಳು ಕಾಗದದ ಹಾಗೆ ಆ ಲೇಪವನ್ನು ಉಜ್ಜುತ್ತದೆ. ಲೇಪ ಹೋದ ವಾಲ್ವ್ ಸವೆದು ತಾನು ಕೂರುವ ಸೀಟಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ವಾಲ್ವಿಗೂ ಮೇಲಿಂದ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್ ಕಡಿಮೆಯಾಗುತ್ತದೆ. ನನ್ನ ಬೈಕಿಗೆ ಇಂಟೇಕ್ ಕಡೆ 0.10ರಿಂದ 0.15 ಮಿ.ಮೀ. ಗ್ಯಾಪ್ ಇರಬೇಕಿತ್ತು. ಗ್ಯಾಪ್ ಹೋದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಸೋರುತ್ತದೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ತೆಳ್ಳಗಿನ ಶಿಮ್ ಹಾಕಿದರೆ ಕೆಲವು ಗಂಟೆ ಸರಿಯಾಗುತ್ತದೆ, ಅಷ್ಟೇ. ಒಮ್ಮೆ ಇಳಿಯಲು ಶುರುವಾದರೆ ಬೇಗ ಬೇಗ ಇಳಿಯುತ್ತದೆ. ಆ ಕೆಲವು ಗಂಟೆಗಳ ಒಳಗೆ ಯಾರಿಗಾದರೂ ಮಾರಿಬಿಡಬೇಕು. ಆ ಯಾರಾದರೂ ನಾನೇ ಆದೆ.

ರಿಪೇರಿಗೆ 1 ಲಕ್ಷ 40 ಸಾವಿರ ಅಂತ ಲೆಕ್ಕ ಕೊಟ್ಟರು. ಹೆಡ್, ವಾಲ್ವ್‌ಗಳು, ಪಿಸ್ಟನ್, ಟೈಮಿಂಗ್ ಚೈನ್, ಕನೆಕ್ಟಿಂಗ್ ರಾಡ್. ಮಾರಿದವರಿಗೆ ಫೋನ್ ಮಾಡಿದೆ. ಮೊದಲ ದಿನ ಎತ್ತಿದರು, "ರೇಸ್ ಬೈಕ್ ಅಲ್ವಾ" ಅಂದರು. ಆಮೇಲೆ ಎತ್ತಲೇ ಇಲ್ಲ. ರಿಜಿಸ್ಟ್ರೇಷನ್ ಇಲ್ಲದ ಬೈಕ್, ಬಿಲ್ಲೂ ಇಲ್ಲ. ಯಾರ ಹತ್ತಿರ ದೂರು ಹೇಳುವುದು?

ಹಾಗಾದರೆ ಆ 125 ಟೂ ಸ್ಟ್ರೋಕ್ ತಗೊಂಡಿದ್ದರೆ? ಅದನ್ನು ತಗೊಂಡದ್ದು ಪಕ್ಕದ ಮನೆಯ ಹುಡುಗ. ಅವನೂ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಇಂಜಿನ್ ಸೀಜ್ ಮಾಡಿಕೊಂಡ. ಆರ್‌ಎಕ್ಸ್ ತರ ಇದರಲ್ಲಿ ಆಯಿಲ್ ಪಂಪ್ ಇರುವುದಿಲ್ಲ, ಪೆಟ್ರೋಲಿಗೇ ಬೆರೆಸಬೇಕು. 32ಕ್ಕೆ 1 ಅಂದರೆ ಲೀಟರಿಗೆ ಸುಮಾರು 31 ಮಿಲಿ. ಇವನು ತೋಟದ ಹುಲ್ಲು ತೆಗೆಯುವ ಮೆಷಿನ್ನಿಗೆ ಮಾಡಿಟ್ಟಿದ್ದ ಕ್ಯಾನನ್ನೇ ಸುರಿದಿದ್ದ. ಅದು 50ಕ್ಕೆ 1, ಲೀಟರಿಗೆ 20 ಮಿಲಿ. ಸಾಲದ್ದಕ್ಕೆ ಆ ಕ್ಯಾನ್ ಮೇ ತಿಂಗಳಿನದ್ದು. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್. ಅದು ನೀರು ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲ ಇದ್ದರೆ ಕೇಳುವುದೇ ಬೇಡ. ಅದೂ ಅಲ್ಲದೆ ಬರೀ ಪೆಟ್ರೋಲಿಗೆ ಹೊಂದಿಸಿದ ಜೆಟ್ ಇದಕ್ಕೆ ಚಿಕ್ಕದಾಗುತ್ತದೆ, ಇಂಜಿನ್ ಲೀನ್ ಆಗಿ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆಯಾಗಿ ಓಡುತ್ತದೆ, ಬಿಸಿ ಏರುತ್ತದೆ. ದೊಡ್ಡ ಮೇನ್ ಜೆಟ್ ಹಾಕಿ ಪ್ಲಗ್ಗಿನ ಬಣ್ಣ ನೋಡಿ ಹೊಂದಿಸಬೇಕು.

ಆದರೆ ಅವನ ನಷ್ಟ ಎಷ್ಟು ಗೊತ್ತಾ? 11 ಸಾವಿರ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್. ಸಿಲಿಂಡರಿಗೆ ಅಂಟಿದ ಅಲ್ಯೂಮಿನಿಯಂ ಉಜ್ಜಿ ತೆಗೆದರೆ ಒಳಗಿನ ಲೇಪ ಸರಿಯಿತ್ತು. ಆ ಲೇಪ ಎದ್ದಿದ್ದರೆ ಆರ್‌ಎಕ್ಸ್ ತರ ಬೋರ್ ಮಾಡಿಸಿ ಮುಗಿಸಲು ಆಗುವುದಿಲ್ಲ, ಪುನಃ ಲೇಪ ಹಾಕಿಸಬೇಕು, ಖರ್ಚು ಜಾಸ್ತಿ. ಅವನ ಅದೃಷ್ಟ ಚೆನ್ನಾಗಿತ್ತು. ಭಾನುವಾರ ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ, ಗೋಣಿ ಹಾಸಿ, ನಾವಿಬ್ಬರೇ ಜೋಡಿಸಿದೆವು. ನಾಲ್ಕೂವರೆಯ ಚಹಾಕ್ಕೆ ಮೊದಲು ಸ್ಟಾರ್ಟ್ ಆಯಿತು.

ಟೂ ಸ್ಟ್ರೋಕ್‌ಗೆ ಪಿಸ್ಟನ್ ಬೇಗ ಬೇಗ ಬೇಕು. ರೇಸ್ ಓಡಿಸಿದರೆ 20 ಗಂಟೆ ಆಸುಪಾಸಿನಲ್ಲಿ ಬದಲಿಸಿದರೆ ಒಳ್ಳೆಯದು. ಫೋರ್ ಸ್ಟ್ರೋಕ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಓಡುತ್ತದೆ, ಆದರೆ ಬಿಚ್ಚಿದಾಗ ಬಿಲ್ಲಿಗೆ ತಲೆ ತಿರುಗುತ್ತದೆ. ಶೋರೂಮಿನಿಂದ ಹೊಸ ಫೋರ್ ಸ್ಟ್ರೋಕ್ ತಗೊಂಡು, ಗಂಟೆ ಬರೆದಿಟ್ಟು, ಪ್ರತಿ ಓಟಕ್ಕೂ ಎಣ್ಣೆ ಹಾಕಿದ ಶುಚಿ ಫಿಲ್ಟರ್ ಹಾಕುವವರಿಗೆ ನಾನು ಬೇಡ ಅನ್ನುವುದಿಲ್ಲ. ಇತಿಹಾಸ ಗೊತ್ತಿಲ್ಲದ ಹಳೇ ಫೋರ್ ಸ್ಟ್ರೋಕ್ ಮಾತ್ರ ಬೇಡ. ತಗೊಳ್ಳಲೇಬೇಕು ಅಂತಿದ್ದರೆ ಫೋನಿನಲ್ಲೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋಗಿ ಇಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಜೊತೆಗೆ ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಮತ್ತು ಅದನ್ನು ಬಳಸಲು ಗೊತ್ತಿರುವ ಒಬ್ಬರು. ವಾಲ್ವ್ ಕವರ್ ಬಿಚ್ಚಲು ಬಿಡುವುದಿಲ್ಲ ಅಂದರೆ ಚಹಾ ಕುಡಿದು ವಾಪಸ್ ಬನ್ನಿ. ಗ್ಯಾಪ್ ಸರಿ ಇದ್ದರೂ ಸಾಕಾಗದು, ಒಳಗೆ ಯಾವ ಶಿಮ್ ಇದೆ ಅಂತಲೂ ನೋಡಬೇಕು. ತೀರಾ ತೆಳ್ಳಗಿನ ಶಿಮ್ ಹಾಕಿ ಗ್ಯಾಪ್ ಸರಿ ಕಾಣುವ ಹಾಗೆ ಮಾಡಿರಬಹುದು.

ಮತ್ತೊಂದು, ಎಂಟ್ರಿ ಫಾರ್ಮ್ ಮೊದಲೇ ಓದಿ. ನಾನು ಹೋಗಬೇಕೆಂದಿದ್ದ ಮೊದಲ ರೇಸಿನಲ್ಲಿ ಇಲ್ಲೇ ತಯಾರಾಗುವ ಬೈಕ್‌ಗಳ ಕ್ಲಾಸ್ ಮಾತ್ರ ಇತ್ತು, ನನ್ನದರಂಥ ವಿದೇಶಿ ಬೈಕಿಗೆ ಕ್ಲಾಸೇ ಇರಲಿಲ್ಲ. ಅದು ಗೊತ್ತಾದದ್ದು ಬೈಕ್ ತಂದ ಮೇಲೆ.

ಈಗ ನನ್ನದನ್ನು ಬಿಡಿ ಭಾಗಗಳಾಗಿ ಮಾರುತ್ತಿದ್ದೇನೆ. ಹೋದ ವಾರ ವಿಟ್ಲದ ಒಬ್ಬ ಹುಡುಗ ಬಂದಿದ್ದ. ಟಾರ್ಪಾಲು ಸರಿಸಿ, ಸಸ್ಪೆನ್ಶನ್ ಒತ್ತಿ ನೋಡಿದ, ಸ್ಟಿಕ್ಕರ್ ಸವರಿದ. ಕಣ್ಣಲ್ಲಿ ಅದೇ ಹೊಳಪು. ಇಂಜಿನ್ ಸತ್ತಿದೆ ಅಂತ ಹೇಳಿ ಮುರಿದ ವಾಲ್ವನ್ನು ಅವನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಏನೂ ತಗೊಳ್ಳದೆ ಹೋದ. ರಾತ್ರಿ ಫೋನ್ ಬಂತು.

"ಅಣ್ಣ, ಉಪ್ಪಿನಂಗಡಿಯಲ್ಲಿ ಒಂದು ನೋಡಿದ್ದೇನೆ. ಆ ಶಿಮ್ ಅಳೆಯುವುದಕ್ಕೆ ನೀವು ಬರ್ತೀರಾ?"