ಗಬ್ಬದ ಹಸು ಕೊಳ್ಳುವವರೇ, ರಕ್ತ ಪರೀಕ್ಷೆ ಆಗದೆ ಅಡ್ವಾನ್ಸ್ ಕೊಡಬೇಡಿ

ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರ ಕಡೆ ಹಸು ನೋಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿರಬಹುದು. ನಮಗೆ ರೋಗದ ಹಸು ಮಾರಿದ ದಲ್ಲಾಳಿ ಗೊತ್ತಿಲ್ಲದೆ ಮಾರಿದ್ದಲ್ಲ. ಗೊತ್ತಿದ್ದೇ ಮಾರಿದ.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಎರಡನೇ ಸೂಲು, ಐದು ತಿಂಗಳ ಗಬ್ಬ. "ಅಕ್ಕಾ, ನನ್ನ ತಂಗಿ ಮನೆ ಹಸು, ಮದುವೆ ಖರ್ಚಿಗೆ ಅಂತ ಕೊಡ್ತಿದ್ದಾರೆ, ಇಲ್ಲಾಂದ್ರೆ ಇಂಥದ್ದನ್ನ ಯಾರು ಬಿಡ್ತಾರೆ?" ಅಂದ. ಮೊದಲ ಸೂಲಿನದು ಹೆಣ್ಣು ಕರುವಂತೆ, ಅದನ್ನು ತಂಗಿ ಉಳಿಸಿಕೊಂಡಿದ್ದಾಳಂತೆ. ಮೊಬೈಲ್ ತೆಗೆದು ಕರುವಿನ ಫೋಟೊ ಬೇರೆ ತೋರಿಸಿದ. "ನೋಡಿ, ಥೇಟ್ ತಾಯಿ ಹಾಗೇ!" ನಮ್ಮ ಮನೆಯವರು ಹಲ್ಲು ನೋಡಿದರು, ಕೆಚ್ಚಲು ಮುಟ್ಟಿ ನೋಡಿದರು. ಮಾವ ಸುಳಿ ನೋಡಿದರು. ನೋಡಿದ್ದೇ ನೋಡಿದ್ದು. ಸುಳಿಯಲ್ಲಿ ಬ್ರೂಸೆಲ್ಲಾ ಅನ್ನುವ, ಗರ್ಭ ಬೀಳಿಸುವ ರೋಗ ಕಾಣುತ್ತದೆಯೇ? ರಕ್ತ ಪರೀಕ್ಷೆ ಮಾಡಿಸೋಣ ಅಂತ ನಾನು ಅಂದದ್ದಕ್ಕೆ ಅವನು ನಕ್ಕುಬಿಟ್ಟ. "ಅಕ್ಕಾ, ನಂಬಿಕೆ ಇಲ್ವಾ? ನಾನೇನು ಓಡಿ ಹೋಗ್ತೀನಾ?" 72 ಸಾವಿರಕ್ಕೆ ವ್ಯಾಪಾರ ಮುಗಿಯಿತು.

ಮಳೆಗಾಲದ ನಡುವೆ, ಏಳು ತಿಂಗಳು ತುಂಬುವ ಹೊತ್ತಿಗೆ ಹಸು ಕಂದು ಹಾಕಿತು, ಅಂದರೆ ಗರ್ಭಪಾತ. ಕಸ (ಮಾಸು) ಬೀಳಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಅತ್ತೆಯೇ ಸತ್ತ ಕರು ಎತ್ತಿ, ನೇತಾಡುತ್ತಿದ್ದ ಕಸ ಎಳೆದು, ಎಲ್ಲಾ ಬರಿಗೈಯಲ್ಲಿ ಮಾಡಿದರು. ನಮ್ಮ ಊರುಗಳಲ್ಲಿ ಯಾರು ಗ್ಲೌಸ್ ಹಾಕಿಕೊಂಡು ಕೊಟ್ಟಿಗೆಗೆ ಹೋಗುತ್ತಾರೆ ಹೇಳಿ?

ದಲ್ಲಾಳಿಗೆ ಫೋನ್ ಮಾಡಿದರೆ, "ನಿಮ್ಮ ಕಡೆ ಮಳೆ ಜಾಸ್ತಿ ಅಕ್ಕಾ, ಏರು ಜಾಗ ಬೇರೆ, ಕಾಲು ಜಾರಿರುತ್ತೆ. ಯಾರದೋ ದೃಷ್ಟಿನೂ ಇರಬಹುದು" ಅಂದ.

ಆಮೇಲೆ ಶುರುವಾಯಿತು ಅತ್ತೆಯ ಜ್ವರ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸಂಜೆಯಾದರೆ ಸೀರೆ ಒದ್ದೆಯಾಗುವಷ್ಟು ಬೆವರು. ಸೊಂಟ ನೋವಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಡೆಂಗ್ಯೂ ನೋಡಿದರು, ಟೈಫಾಯ್ಡ್ ನೋಡಿದರು, ಇಲಿಜ್ವರ ನೋಡಿದರು. ಯಾವುದೂ ಅಲ್ಲ. ಕೊನೆಗೆ ಮೈಸೂರಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಮನೆಯಲ್ಲಿ ದನ ಇದೆಯಾ? ಇತ್ತೀಚೆಗೆ ಯಾವುದಾದರೂ ಕಂದು ಹಾಕಿತ್ತಾ?" ರಕ್ತದಲ್ಲಿ ಬ್ರೂಸೆಲ್ಲಾ ಬಂತು. ದನಕ್ಕೆ ಕಂದು ರೋಗ ಅಂತೀವಲ್ಲ, ಅದೇ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಸೇರಿಸಿ ಆರು ವಾರ. ಸ್ವಲ್ಪ ವಾಸಿಯಾಯಿತು ಅಂತ ನಡುವೆ ಬಿಡುವ ಹಾಗಿಲ್ಲ, ಬಿಟ್ಟರೆ ಮತ್ತೆ ಬರುತ್ತದಂತೆ. ಆ ರಿಫಾಂಪಿಸಿನ್‌ಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅತ್ತೆ ರಕ್ತ ಹೋಗುತ್ತಿದೆ ಅಂದುಕೊಂಡು, ನಮಗೆ ಹೇಳಲೂ ನಾಚಿ, ಒಬ್ಬರೇ ಅಳುತ್ತಾ ಕೂತಿದ್ದರು.

ಇದೆಲ್ಲ ಇವನಿಂದ.

ಇಷ್ಟಾದರೂ ಅವನಿಗೂ ಗೊತ್ತಿರಲಿಲ್ಲವೇನೋ ಅಂತಲೇ ನನಗೆ ಅನ್ನಿಸುತ್ತಿತ್ತು. ನಮ್ಮ ಪಶು ಡಾಕ್ಟರು ಹಸುವಿನ ರಕ್ತ ತೆಗೆದರು. ಕಂದು ಹಾಕಿದ ಕೂಡಲೇ ತೆಗೆದರೆ ಕೆಲವೊಮ್ಮೆ ಗೊತ್ತಾಗುವುದಿಲ್ಲ ಅಂತ ಸ್ವಲ್ಪ ದಿನ ಬಿಟ್ಟೇ ತೆಗೆದರು. ಪಾಸಿಟಿವ್. ಆಮೇಲೆ ಹಸುವಿನ ಕಿವಿಯ ಗುರುತಿನ ಓಲೆಯ 12 ಅಂಕಿ ಮೊಬೈಲಿಗೆ ಹಾಕಿ ಅದರ ದಾಖಲೆ ನೋಡಿದರು. ನೋಡುತ್ತಾ ಸುಮ್ಮನಾದರು. "ಮೊದಲ ಸೂಲಿನ ಕರು ಇದೆ ಅಂದಿದ್ದನಾ ಅವನು?" ಹೌದು ಸಾರ್, ಫೋಟೊ ನೋಡಿದ್ದೇವೆ ಅಂದೆ. "ಗಬ್ಬ ನಿಂತಿದೆ ಅಂತ ಇದೆ. ಕರು ಹಾಕಿದ್ದು ಇಲ್ಲ. ಆಮೇಲೆ ಮತ್ತೆ ಗಬ್ಬಕ್ಕೆ ಇಂಜೆಕ್ಷನ್ ಕೊಡಿಸಿದ್ದಾರೆ."

ಕರುವೇ ಇರಲಿಲ್ಲ! ಥೇಟ್ ತಾಯಿ ಹಾಗೇ ಇದ್ದ ಕರು!

ಮಾಲೀಕರು ತಂಗಿಯೂ ಅಲ್ಲ, ಅಕ್ಕನೂ ಅಲ್ಲ. ಪಕ್ಕದ ಜಿಲ್ಲೆಯ ಯಾರೋ ರೈತರು. ಡಾಕ್ಟರೇ ನಂಬರ್ ಹುಡುಕಿ ಸ್ಪೀಕರ್ ಹಾಕಿ ಮಾತಾಡಿದರು. ಆ ಪುಣ್ಯಾತ್ಮರು ಏನೂ ಮುಚ್ಚಿಡಲಿಲ್ಲ. "ಹೌದು ಸಾರ್, ಎಂಟನೇ ತಿಂಗಳಲ್ಲಿ ಕಂದು ಹಾಕಿತ್ತು. ಕಂದು ರೋಗ ಅಂತ ಹೇಳಿಯೇ ಕಡಿಮೆ ರೇಟಿಗೆ ಕೊಟ್ಟೆ. ಕಟುಕರಿಗೆ ಕೊಡ್ತೀನಿ ಅಂದಿದ್ದ." ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲಿ ಕೂತು ನಮ್ಮ ಕಾಫಿ ಕುಡಿದು ಹೋದ ಮನುಷ್ಯ.

ರಿಪೋರ್ಟ್ ಕಳಿಸಿದ್ದಕ್ಕೆ ಅವನ ಉತ್ತರ: "ಬ್ರೂಸೆಲ್ಲಾನೋ ಗಿರೂಸೆಲ್ಲಾನೋ, ಡಾಕ್ಟರು ಹೇಳ್ತಾರೆ, ನೀವು ನಂಬ್ತೀರ." ಮಾರನೇ ದಿನ: "ನಿಮ್ಮ ಕೊಟ್ಟಿಗೆಯಿಂದಲೇ ಹತ್ತಿರಬೇಕು." ದುಡ್ಡು ವಾಪಸ್ ಕೇಳಿದ್ದಕ್ಕೆ: "ಹಸು ಏನು ಮಿಕ್ಸಿನಾ ಅಕ್ಕಾ, ವಾರಂಟಿ ಕೊಡೋಕೆ?" ಹಳೆಯ ಮಾಲೀಕರ ಜೊತೆ ಮಾತಾಡಿದ್ದೇವೆ ಅಂದ ಮೇಲೆ ಸ್ವಲ್ಪ ದಿನ ಫೋನೇ ಎತ್ತಲಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್. "ಆಗಿದ್ದು ಆಯ್ತು ಅಕ್ಕಾ. 25 ಸಾವಿರ ಕೊಡ್ತೀನಿ, ಹಸು ವಾಪಸ್ ಕೊಡಿ. ನನ್ನ ಹತ್ರ ಬೇರೆ ಪಾರ್ಟಿ ಇದೆ."

ಬೇರೆ ಪಾರ್ಟಿ! ಅಂದರೆ ಇನ್ನೊಂದು ಮನೆಯ ಅತ್ತೆ. ಕಂದು ಹಾಕಿದ ಹಸು ಮುಂದೆ ಗಬ್ಬ ನಿಂತು ಸರಿಯಾಗಿಯೇ ಕರು ಹಾಕಲೂಬಹುದು, ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹಾಲಿನಲ್ಲಿ, ಕಸದಲ್ಲಿ ರೋಗಾಣು ಹೋಗುತ್ತಲೇ ಇರುತ್ತದೆ. ದನಕ್ಕೆ ಇದಕ್ಕೆ ಮದ್ದಿಲ್ಲ. ಇವನ ವ್ಯಾಪಾರ ನಡೆಯುವುದೇ ಇದರ ಮೇಲೆ. ನಾವು ವಾಪಸ್ ಕೊಡಲಿಲ್ಲ, ಅದನ್ನು ಬೇರೆಯಾಗಿ ಕಟ್ಟಿದ್ದೇವೆ. 72 ಸಾವಿರ ಹೋಯಿತು, ಮೈಸೂರಿನ ಖರ್ಚು ಬೇರೆ. ಊರಲ್ಲಿ "ಓದಿದ ಸೊಸೆ ಹಸು ಕೊಂಡಳು" ಅಂತ ನಗುವವರು ನಗುತ್ತಿದ್ದಾರೆ. ರೋಗ ಇದೆ ಅಂತ ಗೊತ್ತಿದ್ದ ದನವನ್ನು ಸಂತೆಗೆ ತರಬಾರದು ಅಂತ 2009ರ ಕಾಯ್ದೆಯೇ ಇದೆ. ದೂರು ಕೊಡಲು ಹೋದರೆ ಬರೆದ ರಸೀದಿ ಎಲ್ಲಿ ಅಂತ ಕೇಳುತ್ತಾರೆ. ದಲ್ಲಾಳಿ ವ್ಯಾಪಾರಕ್ಕೆ ಎಲ್ಲಿಯ ರಸೀದಿ?

ನಾನು ಹೇಳುವುದು ಇಷ್ಟೇ. ಅಡ್ವಾನ್ಸ್ ಕೊಡುವ ಮುಂಚೆ ಪಶು ಡಾಕ್ಟರಿಂದ ರಕ್ತ ಪರೀಕ್ಷೆ ಮಾಡಿಸಿ. ರೋಸ್ ಬೆಂಗಾಲ್ ಅಂತ ಒಂದು ಟೆಸ್ಟ್ ಇದೆ, ಲ್ಯಾಬಿನಲ್ಲಿ ನೋಡಲು ಕೆಲವೇ ನಿಮಿಷ ಸಾಕು. ಕಿವಿ ಓಲೆ ನಂಬರಿನಲ್ಲಿ ಯಾರ ಹೆಸರಿದೆ, ಎಷ್ಟು ಕರು ಹಾಕಿದೆ ಅಂತ ಡಾಕ್ಟರ ಹತ್ತಿರವೇ ನೋಡಿಸಿ. ಓಲೆ ಕಿತ್ತ ತೂತು ಮಾತ್ರ ಇದ್ದರೆ ಬಿಟ್ಟು ಬನ್ನಿ. ಕಂದು ಹಾಕಿದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಎಳೆಯದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ಹಾಲು ಚೆನ್ನಾಗಿ ಕುದಿಸಿ, ಕುದಿಸಿದರೆ ಭಯವಿಲ್ಲ. ಮನೆಯಲ್ಲಿ ಹೆಣ್ಣು ಕರು ಇದ್ದರೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಿ. ಸರ್ಕಾರದಿಂದ ಪುಕ್ಕಟೆ, ಒಂದೇ ಸಲ. ನಮ್ಮ ಕರುವಿಗೆ ಈಗ ಹಾಕಿಸಿದೆವು.

ನಿನ್ನೆ ಅವನ ಸ್ಟೇಟಸ್‌ನಲ್ಲಿ ಇನ್ನೊಂದು ಹಸು. ಆರು ತಿಂಗಳ ಗಬ್ಬ, ಗ್ಯಾರಂಟಿ, ತಂಗಿ ಮನೆಯದು. ಜೊತೆಗೆ ಅದೇ ಕರುವಿನ ಫೋಟೊ.