ಹಳೇ ಫ್ಲ್ಯಾಶ್: ವಿವಿಟಾರ್ 283 ತಗೊಳ್ಳೋದಾ, ನಿಕಾನ್ ಎಸ್‌ಬಿ-28 ತಗೊಳ್ಳೋದಾ?

ಮುಂಬೈನ ಬೋರಾ ಬಜಾರ್‌ನಲ್ಲಿ ಇವೆರಡೂ ಕಣ್ಣಿಗೆ ಬಿದ್ದರೆ, ಮೊದಲು ನಿಮ್ಮ ಕ್ಯಾಮೆರಾ ಯಾವುದು ನೋಡಿಕೊಳ್ಳಿ. ಪೆಂಟಾಕ್ಸ್ ಕೆ1000 ಥರದ ಫಿಲ್ಮ್ ಕ್ಯಾಮೆರಾ ಮಾತ್ರ ಇದ್ದರೆ 283 ಸಾಕು. ಸೆನ್ಸರ್ ಫ್ಲ್ಯಾಶ್‌ನ ಮೈಮೇಲೇ ಇದೆ, ವಾಪಸ್ ಬಂದ ಬೆಳಕನ್ನು ತಾನೇ ಅಳೆದು ನಿಲ್ಲಿಸುತ್ತದೆ, ನೀವು ಐಎಸ್‌ಒ, ಅಪರ್ಚರ್ ಹೊಂದಿಸಿ ಶಟರ್ 1/60ರಲ್ಲಿ ಇಟ್ಟರೆ ಮುಗೀತು. ಡಿಜಿಟಲ್‌ಗೆ ಮಾತ್ರ ಸುಮ್ನೆ ಸಿಕ್ಕಿಸಬೇಡಿ. ಹಳೇ 283ಗಳ ಟ್ರಿಗರ್ ವೋಲ್ಟೇಜ್ (ಫ್ಲ್ಯಾಶ್ ಹೊಡೆಸುವಾಗ ಕ್ಯಾಮೆರಾದ ಕಾಂಟ್ಯಾಕ್ಟ್‌ಗೆ ತಗಲುವ ವೋಲ್ಟೇಜ್) 200 ದಾಟುವುದುಂಟು, ಕೆಲವು ಡಿಜಿಟಲ್ ಕ್ಯಾಮೆರಾಗಳ ಮಿತಿ ಬರೀ 6 ವೋಲ್ಟ್. ಅಂಗಡಿಗೆ ಮಲ್ಟಿಮೀಟರ್ ಒಯ್ಯಿರಿ. ಹೊಸ ಸೆಲ್ ಹಾಕಿ, ರೆಡಿ ದೀಪ ಹತ್ತಿದ ಮೇಲೆ, ಬುಡದ ನಡುವಿನ ಪಿನ್ನಿಗೊಂದು, ಪಕ್ಕದ ಕಾಂಟ್ಯಾಕ್ಟ್‌ಗೊಂದು ಕಡ್ಡಿ ಮುಟ್ಟಿಸಿ ನೋಡಿ.

ಎಸ್‌ಬಿ-28 1997ರದ್ದು, ವೋಲ್ಟೇಜ್ ತಲೆನೋವಿಲ್ಲ. ಎಫ್100 ಥರದ ಫಿಲ್ಮ್ ನಿಕಾನ್‌ನಲ್ಲಿ ಟಿಟಿಎಲ್ (ಲೆನ್ಸ್ ಮೂಲಕ ಬಂದ ಫ್ಲ್ಯಾಶ್ ಬೆಳಕನ್ನು ಕ್ಯಾಮೆರಾನೇ ಅಳೆಯೋದು) ಸಿಗುತ್ತದೆ, ಡಿಜಿಟಲ್‌ನಲ್ಲಿ ಇಲ್ಲ. ಆದರೂ 283ರ ಹಾಗೆ ಫ್ಲ್ಯಾಶೇ ಬೆಳಕು ಅಳೆಯುವ 'ಎ' ಮೋಡ್, ಪವರನ್ನು ನಾವೇ 1/64 ಪಾಲಿನವರೆಗೆ ಇಳಿಸಬಹುದಾದ ಮ್ಯಾನುವಲ್ ಎರಡೂ ನಡೆಯುತ್ತವೆ. ಮಾಟುಂಗದ ಹಾಲ್‌ನಲ್ಲಿ ಯಕ್ಷಗಾನದ ವೇಷ ಹತ್ತಿರದಿಂದ ತೆಗೆಯುವಾಗ ಈ 1/64 ದೊಡ್ಡ ಉಪಕಾರ, ಕಿರೀಟದ ಕನ್ನಡಿ ಚೂರುಗಳು ಬೆಳ್ಳಗೆ ಸುಟ್ಟುಹೋಗಲ್ಲ. 283ರಲ್ಲಿ ಪವರ್ ಇಳಿಸಲು ಬೇರೆ ಬಿಡಿಭಾಗ ಬೇಕು.

ಎರಡೂ ಥರದ ಕ್ಯಾಮೆರಾ ಇದ್ದವರು ಎಸ್‌ಬಿ-28 ಹಿಡಿಯಿರಿ. ಸೆಲ್ ಮುಚ್ಚಳ ತೆರೆದು ಕಿಲುಬು ಇದೆಯಾ ನೋಡಿ, ಇಲ್ಲಿನ ಮಳೆಗಾಲದಲ್ಲಿ ಸೆಲ್ ಸಮೇತ ಬಿದ್ದಿದ್ದ ಪೀಸ್ ಆದರೆ ಇರೋ ಸಾಧ್ಯತೆ ಜಾಸ್ತಿ.