ಸೈಕ್ಲೋಕ್ರಾಸ್ ಸೈಕಲ್‌ಗೆ ಕ್ರ್ಯಾಂಕ್ ಮತ್ತು ಬ್ರೇಕ್: ಕೆಸರಲ್ಲಿ ಯಾವುದು ತಾಳುತ್ತದೆ, ಯಾವುದು ಕೈಕೊಡುತ್ತದೆ

ಸೈಕ್ಲೋಕ್ರಾಸ್ ಎಂದರೆ ಕೆಸರು, ಹುಲ್ಲು, ಮರಳಿನ ಕೋರ್ಸಿನಲ್ಲಿ ನಡೆಯುವ ಸೈಕಲ್ ರೇಸು. ಅದಕ್ಕೆ ಸೈಕಲ್ ಕಟ್ಟಲು ಕೂತವರು ಮೊದಲು ಕ್ರ್ಯಾಂಕ್ (ಪೆಡಲ್ ಕೂರುವ ತೋಳು ಮತ್ತು ಅದರ ಹಲ್ಲಿನ ರಿಂಗು) ಹುಡುಕುತ್ತಾರೆ, ಬ್ರೇಕಿನ ಯೋಚನೆ ಆಮೇಲೆ. ಇದು ಉಲ್ಟಾ ಆಗಬೇಕು. ಕ್ರ್ಯಾಂಕನ್ನು ಮುಂದಿನ ವರ್ಷ ಬೇಕಾದರೂ ಬದಲಿಸಬಹುದು. ಬ್ರೇಕ್ ಹಾಗಲ್ಲ, ಅದು ಯಾವ ಬಗೆಯದು ಎಂದು ಫ್ರೇಮ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ), ಹಬ್ (ಚಕ್ರದ ನಡುವಿನ ಗುಂಬ) ಮೂರೂ ಸೇರಿ ಆಗಲೇ ತೀರ್ಮಾನ ಮಾಡಿರುತ್ತವೆ. ಫೋರ್ಕಿನ ಎರಡೂ ಕಾಲುಗಳ ಮೇಲೆ ಗೂಟ ಇದ್ದರೆ ಕ್ಯಾಂಟಿಲಿವರ್ ಅಥವಾ ಗಿಡ್ಡ ವಿ-ಬ್ರೇಕ್; ಎರಡೂ ರಿಮ್ಮನ್ನು ಎರಡು ಕಡೆಯಿಂದ ಹಿಡಿಯುವ ತೋಳಿನ ಬ್ರೇಕುಗಳು. ಎಡಗಾಲಿನಲ್ಲಿ ಮಾತ್ರ ಬೋಲ್ಟ್ ಕೂರುವ ಜಾಗ ಇದ್ದರೆ ಡಿಸ್ಕ್, ಅಂದರೆ ಹಬ್‌ಗೆ ಕೂರಿಸಿದ ತಟ್ಟೆಯನ್ನು (ರೋಟರ್) ಹಿಡಿಯುವ ಬ್ರೇಕ್. ಡಿಸ್ಕ್‌ನಲ್ಲೂ ಕೂರಿಸುವ ರೀತಿ ಎರಡು: ಪೋಸ್ಟ್ ಮೌಂಟ್ ಬೇರೆ, ಫ್ಲ್ಯಾಟ್ ಮೌಂಟ್ ಬೇರೆ. ಒಂದಕ್ಕೆ ಮಾಡಿದ ಕ್ಯಾಲಿಪರ್ (ಪ್ಯಾಡು ಒತ್ತುವ ಭಾಗ) ಇನ್ನೊಂದರಲ್ಲಿ ನೇರವಾಗಿ ಕೂರುವುದಿಲ್ಲ. ದುಡ್ಡು ಕೊಡುವ ಮುಂಚೆ ಫ್ರೇಮಿನ ಹಿಂದೆ ಮುಂದೆ ಕಣ್ಣಾರೆ ನೋಡಿಕೊಳ್ಳಿ.

ಕ್ಯಾಂಟಿಲಿವರ್ ಇನ್ನೂ ಬದುಕಿದೆಯೇ?

2010ರಲ್ಲಿ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಸೈಕ್ಲೋಕ್ರಾಸ್ ರೇಸುಗಳಲ್ಲಿ ಡಿಸ್ಕ್ ಬ್ರೇಕ್‌ಗೆ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ ಹೆಚ್ಚಿನವರು ಓಡಿಸುತ್ತಿದ್ದದ್ದು ಕ್ಯಾಂಟಿಲಿವರನ್ನೇ. ಹಳೆಯ ಒಳ್ಳೆಯ ಫ್ರೇಮ್ ಕೈಯಲ್ಲಿದ್ದರೆ ಬ್ರೇಕ್ ಒಂದೇ ಕಾರಣಕ್ಕೆ ಅದನ್ನು ಮೂಲೆಗೆ ಹಾಕಬೇಕಿಲ್ಲ.

ಇದರಲ್ಲಿ ಎರಡು ಜಾತಿ. ತೋಳು ಅಗಲವಾಗಿ ಹೊರಚಾಚಿದ್ದು ಒಂದು: ಪಾಲ್ ನಿಯೋ-ರೆಟ್ರೋ, ಟಿಆರ್‌ಪಿ ಯೂರೋಎಕ್ಸ್ ಇವೆಲ್ಲ ಈ ಕಡೆಯವು. ಪ್ಯಾಡು ರಿಮ್ಮಿನಿಂದ ದೂರ ನಿಲ್ಲುತ್ತದೆ, ಟಯರ್ ಸುತ್ತ ಜಾಗ ಧಾರಾಳ, ಕೆಸರು ಮೆತ್ತಿಕೊಳ್ಳದೆ ಹೊರಬೀಳುತ್ತದೆ. ಆದರೆ ಹಿಡಿತ ಸಾಧಾರಣ. ತೋಳು ಫೋರ್ಕಿಗೆ ಹತ್ತಿರವಾಗಿ ನಿಲ್ಲುವ ಜಾತಿ ಇನ್ನೊಂದು. ಶಿಮಾನೊ ಸಿಎಕ್ಸ್70 ಇಂಥದು. ಇದರಲ್ಲಿ ಎರಡು ತೋಳನ್ನು ಕೂಡಿಸುವ ಅಡ್ಡ ಕೇಬಲ್ ಎಷ್ಟು ಕೆಳಗಿದ್ದರೆ ಹಿಡಿತ ಅಷ್ಟು ಜಾಸ್ತಿ, ಲಿವರ್ ಮಾತ್ರ ಅಷ್ಟೇ ಹೆಚ್ಚು ದೂರ ಎಳೆಯಬೇಕು. ಅಗಲ ತೋಳಿನದರಲ್ಲಿ ಅಡ್ಡ ಕೇಬಲ್ ಇಳಿಸಿದರೂ ಹೇಳಿಕೊಳ್ಳುವಂಥ ಫರಕು ಬರುವುದಿಲ್ಲ.

ಕ್ಯಾಂಟಿಲಿವರ್ ಮೇಲಿನ ದೊಡ್ಡ ದೂರು ಮುಂದಿನ ಫೋರ್ಕ್ ಗಡಗಡ ನಡುಗುವುದು. ಕೇಬಲ್ ಹೌಸಿಂಗ್ (ಕೇಬಲ್ ಓಡುವ ಹೊರಕೊಳವೆ) ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಹತ್ತಿರದ ಹ್ಯಾಂಗರ್‌ನಲ್ಲಿ ನಿಂತಿರುತ್ತದೆ. ಬ್ರೇಕ್ ಒತ್ತಿದೊಡನೆ ಫೋರ್ಕ್ ಹಿಂದಕ್ಕೆ ಬಾಗುತ್ತದೆ. ಬಾಗಿದಾಗ ಹ್ಯಾಂಗರ್‌ಗೂ ಬ್ರೇಕಿಗೂ ನಡುವಿನ ದೂರ ಹೆಚ್ಚಿ ಕೇಬಲ್ ತಾನಾಗಿಯೇ ಇನ್ನಷ್ಟು ಬಿಗಿಯುತ್ತದೆ. ಪ್ಯಾಡು ಇನ್ನೂ ಬಲವಾಗಿ ಹಿಡಿಯುತ್ತದೆ, ಜಾರುತ್ತದೆ, ಫೋರ್ಕ್ ಮುಂದಕ್ಕೆ ಚಿಮ್ಮುತ್ತದೆ, ಮತ್ತೆ ಅದೇ. ಒಂದು ಸೆಕೆಂಡಿಗೆ ಹತ್ತಾರು ಸಲ ಹೀಗಾದಾಗ ಹ್ಯಾಂಡಲ್ ಹಿಡಿದ ಕೈ ಮರಗಟ್ಟುತ್ತದೆ. ಪ್ಯಾಡಿನ ಮುಂತುದಿ ಹಿಂತುದಿಗಿಂತ 1 ಮಿ.ಮೀ. ಮೊದಲೇ ರಿಮ್ ಮುಟ್ಟುವಂತೆ ಓರೆ ಮಾಡಿದರೆ ಸ್ವಲ್ಪ ತಗ್ಗುತ್ತದೆ. ನಿಜವಾದ ಮದ್ದು ಮಾತ್ರ ಹ್ಯಾಂಗರನ್ನು ಫೋರ್ಕಿನ ಕಿರೀಟಕ್ಕೇ (ಎರಡೂ ಕಾಲು ಕೂಡುವ ಮೇಲಿನ ಭಾಗ) ಕೂರಿಸುವುದು. ಆಗ ಬಾಗುವ ಉದ್ದ ಕೇಬಲ್‌ನ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ. ಫೋರ್ಕಿನ ಕಿರೀಟದಲ್ಲಿ ತೂತು ಇದೆಯೇ ಎಂದು ನೋಡಿ ಆ ಪುಟ್ಟ ಬ್ರಾಕೆಟ್ ಹಾಕಿಸಿಕೊಳ್ಳಿ. ಅದನ್ನು ಬಿಟ್ಟು ಬ್ರೇಕ್ ಮೇಲೆ ಬ್ರೇಕ್ ಬದಲಿಸುವುದು ವ್ಯರ್ಥ.

ಗಿಡ್ಡ ವಿ-ಬ್ರೇಕ್‌ನಲ್ಲಿ ಈ ನಡುಕ ಬಹುತೇಕ ಇಲ್ಲ, ಯಾಕೆಂದರೆ ಹೌಸಿಂಗ್ ನೇರವಾಗಿ ಬ್ರೇಕಿನ ತೋಳಿಗೇ ಬಂದು ನಿಲ್ಲುತ್ತದೆ. ಟಿಆರ್‌ಪಿ ಸಿಎಕ್ಸ್ 8.4ರ ತೋಳು 84 ಮಿ.ಮೀ., ಸಿಎಕ್ಸ್ 9ರದ್ದು 90. ರೋಡ್ ಸೈಕಲ್ ಲಿವರ್ ಎಳೆಯುವ ಕೇಬಲ್ ಈ ಉದ್ದಕ್ಕೆ ಸಾಕಾಗುತ್ತದೆ. ಮೌಂಟನ್ ಸೈಕಲ್‌ನ 100 ಮಿ.ಮೀ.ಗೂ ಉದ್ದದ ತೋಳು ಹಾಕಿದರೆ ಲಿವರ್ ಹ್ಯಾಂಡಲ್‌ಗೆ ತಾಗಿದರೂ ಚಕ್ರ ನಿಲ್ಲುವುದಿಲ್ಲ, ಆ ಸಾಹಸ ಬೇಡ. ಗಿಡ್ಡ ವಿ-ಬ್ರೇಕಿನ ಕೊರತೆಯೂ ಇದೆ: ಪ್ಯಾಡು ರಿಮ್ಮಿಗೆ ತೀರ ಹತ್ತಿರ ನಿಲ್ಲಬೇಕು. ಚಕ್ರ ಒಂದು ಮಿಲಿಮೀಟರ್ ಸೊಟ್ಟಗಾದರೆ, ಇಲ್ಲವೇ ರಿಮ್ಮಿಗೆ ಕೆಸರು ಮೆತ್ತಿದರೆ ಉಜ್ಜಲು ಶುರು. ಕೇಬಲ್ ದಾರಿಯಲ್ಲಿ ಬಿಗಿ ಹೊಂದಿಸಲು ಕೈಯಲ್ಲಿ ತಿರುಗಿಸುವ ಬ್ಯಾರೆಲ್ ಅಡ್ಜಸ್ಟರ್ ಒಂದು ಇರಲೇಬೇಕು. ಮುಂದೆ ಗಿಡ್ಡ ವಿ, ಹಿಂದೆ ಅಗಲ ಕ್ಯಾಂಟಿಲಿವರ್: ಗೂಟದ ಫ್ರೇಮಿಗೆ ನಮ್ಮ ಶಿಫಾರಸು ಈ ಜೋಡಿ. ಹಿಡಿತ ಬೇಕಾದದ್ದು ಮುಂದೆ, ಕೆಸರು ಹೆಚ್ಚು ಕಟ್ಟಿಕೊಳ್ಳುವುದು ಹಿಂದೆ.

ಕೇಬಲ್ ಎಳೆಯುವ ಡಿಸ್ಕ್

ಅವಿಡ್ ಬಿಬಿ7 ಗಟ್ಟಿ ಮಾಲು. ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ, ಒಳಗಿನದು ನಿಂತಲ್ಲೇ ನಿಂತು ರೋಟರ್ ತನ್ನತ್ತ ಬಾಗುವುದನ್ನು ಕಾಯುತ್ತದೆ. ಎರಡೂ ಪ್ಯಾಡಿಗೆ ಕೈಯಲ್ಲೇ ತಿರುಗಿಸುವ ಕೆಂಪು ಗುಬುಟು ಇರುವುದರಿಂದ ಕೈಗೆ ಗ್ಲೌಸ್ ಇದ್ದರೂ ಹೊಂದಿಸಬಹುದು. ಟಿಆರ್‌ಪಿ ಸ್ಪೈರ್‌ನಲ್ಲಿ ಎರಡೂ ಪ್ಯಾಡು ಒಟ್ಟಿಗೆ ಬಂದು ಹಿಡಿಯುತ್ತವೆ. ರೋಟರ್ ಬಾಗುವುದಿಲ್ಲ, ಲಿವರ್‌ನಲ್ಲಿ ಹಿಡಿತ ಎಷ್ಟು ಎಂಬುದು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಕೇಬಲ್ ಡಿಸ್ಕ್‌ಗಳಲ್ಲಿ ಆಯ್ಕೆ ಮಾಡಿ ಎಂದರೆ ಸ್ಪೈರ್.

ಈ ಎರಡರಲ್ಲೂ ಆಗುವ ತಪ್ಪು ಒಂದೇ. ಪ್ಯಾಡು ಸವೆದಾಗ ಲಿವರ್ ಸಡಿಲವಾಗುತ್ತದೆ, ಆಗ ಬ್ಯಾರೆಲ್ ತಿರುಗಿಸಿ ಕೇಬಲ್ ಬಿಗಿ ಮಾಡುತ್ತಾರೆ. ಕ್ಯಾಲಿಪರ್‌ನ ತೋಳು ಅರ್ಧ ದಾರಿಯಿಂದಲೇ ಹೊರಡುವಂತಾಗಿ ಕೊನೆಯಲ್ಲಿ ಎಳೆಯಲು ಜಾಗವೇ ಉಳಿಯುವುದಿಲ್ಲ. ಸವೆತವನ್ನು ಪ್ಯಾಡಿನ ಸ್ಕ್ರೂನಲ್ಲೇ ಸರಿ ಮಾಡಬೇಕು; ಬ್ಯಾರೆಲ್ ಇರುವುದು ಕೇಬಲ್ ಜಗ್ಗಿದ್ದಕ್ಕೆ ಮಾತ್ರ. ಕೇಬಲ್‌ನಿಂದ ಎಳೆಸಿಕೊಂಡು ಕ್ಯಾಲಿಪರ್ ಒಳಗೆ ಎಣ್ಣೆಯಿಂದ ಒತ್ತುವ ಟಿಆರ್‌ಪಿ ಎಚ್‌ವೈ/ಆರ್‌ಡಿಯಲ್ಲಿ ಇದು ಇನ್ನೂ ಮುಖ್ಯ. ತೋಳು ಪೂರ್ತಿ ಹಿಂದಕ್ಕೆ ಬಂದು ನಿಲ್ಲದಿದ್ದರೆ ಎಣ್ಣೆ ತುಂಬಿಕೊಳ್ಳುವ ದಾರಿ ಮುಚ್ಚಿಯೇ ಇರುತ್ತದೆ, ಸವೆತ ತಾನಾಗಿ ಸರಿಹೋಗುವುದು ನಿಂತುಬಿಡುತ್ತದೆ.

ಕೇಬಲ್ ಡಿಸ್ಕ್ ಹಾಕುವವರು ಕುಗ್ಗದ ಬ್ರೇಕ್ ಹೌಸಿಂಗ್‌ಗೆ ಸ್ವಲ್ಪ ಹೆಚ್ಚಿಗೆ ಖರ್ಚು ಮಾಡಿ. ಮಾಮೂಲಿ ಹೌಸಿಂಗ್ ಹಿಂದಿನ ಬ್ರೇಕಿನಷ್ಟು ಉದ್ದಕ್ಕೆ ಸ್ಪಂಜಿನಂತೆ ಒತ್ತಿಕೊಳ್ಳುತ್ತದೆ, ಅರ್ಧ ಶ್ರಮ ಅಲ್ಲೇ ಕಳೆದುಹೋಗುತ್ತದೆ. ಆದರೆ ಒಂದು ಎಚ್ಚರಿಕೆ: ಗೇರ್ ಹೌಸಿಂಗ್ ಕೂಡ ಕುಗ್ಗುವುದಿಲ್ಲ ಎಂದು ಅದನ್ನೇ ಬ್ರೇಕಿಗೆ ಹಾಕಬೇಡಿ. ಅದರೊಳಗಿನ ಉದ್ದುದ್ದ ತಂತಿಗಳನ್ನು ಹಿಡಿದಿಡಲು ಹೊರಗೆ ಪ್ಲಾಸ್ಟಿಕ್ ಬಿಟ್ಟರೆ ಬೇರೇನಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಸೀಳಿಹೋಗುತ್ತದೆ. ಬ್ರೇಕಿಗೆಂದೇ ಮಾಡಿದ್ದರಲ್ಲಿ ತಂತಿಯ ಸುತ್ತ ಬಲವಾದ ಹೆಣಿಗೆ ಇರುತ್ತದೆ.

ಹೈಡ್ರಾಲಿಕ್

ಫ್ರೇಮ್ ಡಿಸ್ಕ್‌ನದಾಗಿದ್ದು ದುಡ್ಡು ಹೊಂದುವುದಾದರೆ ಹೈಡ್ರಾಲಿಕ್‌ಗೇ, ಅಂದರೆ ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕಿಗೇ ಹೋಗಿ. ಸೈಕ್ಲೋಕ್ರಾಸ್‌ನಲ್ಲಿ ಬ್ರೇಕಿನ ಕೆಲಸ ಸೈಕಲ್ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ತಿರುವಿಗೆ ಮುಂಚೆ ಬೇಕಾದಷ್ಟೇ ವೇಗ ಇಳಿಸುವುದು. ಒದ್ದೆ ಹುಲ್ಲಿನ ಮೇಲೆ ಚೂರು ಜಾಸ್ತಿ ಹಿಡಿದರೂ ಚಕ್ರ ಜಾರುತ್ತದೆ. ಒಂದು ಬೆರಳಿನಲ್ಲಿ ಹದ ಸಿಗುವುದು ಇದರಲ್ಲಿಯೇ, ಕೇಬಲ್‌ಗೆ ಕೆಸರು ನುಗ್ಗಿ ಬಿಗಿಯಾಗುವ ಪ್ರಶ್ನೆಯೂ ಇಲ್ಲ.

ಶಿಮಾನೊ ಬಳಸುವುದು ಮಿನರಲ್ ಆಯಿಲ್, ಸ್ರ್ಯಾಮ್ ರೋಡ್ ಬ್ರೇಕ್‌ಗಳು ಡಾಟ್ 5.1 (ಕಾರಿನ ಬ್ರೇಕಿಗೆ ಹಾಕುವ ಬಗೆಯ ದ್ರವ). ಒಂದರ ಎಣ್ಣೆ ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ. ಡಾಟ್ ಗಾಳಿಯ ತೇವ ಹೀರುತ್ತದೆ, ಪೇಂಟಿನ ಮೇಲೆ ಬಿದ್ದರೆ ತಿನ್ನುತ್ತದೆ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗೆ ಮಿನರಲ್ ಆಯಿಲ್ ನಿರಾಳ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು: 2013ರ ಡಿಸೆಂಬರ್‌ನಲ್ಲಿ ಸ್ರ್ಯಾಮ್ ತನ್ನ ಮೊದಲ ತಲೆಮಾರಿನ ಹೈಡ್ರಾಲಿಕ್ ರೋಡ್ ಬ್ರೇಕ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕೊರೆಯುವ ಚಳಿಯಲ್ಲಿ ಸೀಲುಗಳು ಒತ್ತಡ ಹಿಡಿದಿಡುತ್ತಿರಲಿಲ್ಲ. ಆ ಕಾಲದ ಜೋಡಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ರೋಟರ್ ಹಿಂದೆ 140 ಮಿ.ಮೀ. ಸಾಕು. ಮುಂದೆ ಹಗುರ ಸವಾರರಿಗೆ 140, ಭಾರ ಇದ್ದವರಿಗೆ 160. ಬ್ರೇಕ್ ಕಾಯುವಷ್ಟು ಉದ್ದ ಇಳಿಜಾರು ಈ ಆಟದಲ್ಲಿ ಇಲ್ಲ. ಇಲ್ಲಿನ ಶತ್ರು ಮರಳು ಬೆರೆತ ಕೆಸರು. ರೆಸಿನ್ ಪ್ಯಾಡು ಹಿತವಾಗಿ, ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಅಂಥ ಕೆಸರಲ್ಲಿ ಒಂದೇ ರೇಸಿಗೆ ಮುಗಿದುಹೋಗಬಹುದು. ಮಳೆಗಾಲಕ್ಕೆ ಮೆಟಲ್ ಪ್ಯಾಡೇ ಸರಿ. ಹಾಕುವ ಮುಂಚೆ ರೋಟರ್ ಮೇಲಿನ ಬರಹ ಓದಿ. ಕೆಲವು ಕಡಿಮೆ ದರದ ರೋಟರ್‌ಗಳ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಕೆತ್ತಿರುತ್ತದೆ, ಮೆಟಲ್ ಪ್ಯಾಡು ಅದನ್ನು ಬೇಗ ತಿಂದುಹಾಕುತ್ತದೆ. ಶಿಮಾನೊ ರೋಟರ್ ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ. ಉಳಿದಾಗ ಕಿತ್ತುಬಿಡಿ.

ಹೊಸ ಪ್ಯಾಡನ್ನು ನೇರವಾಗಿ ರೇಸಿಗೆ ಒಯ್ಯಬಾರದು. ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ, ಸ್ವಲ್ಪ ಜೋರಿನಿಂದ ಹತ್ತು ಸಲ, ಚಕ್ರ ಲಾಕ್ ಆಗದಂತೆ ಇಳಿಸಿ. ಆಗ ಪ್ಯಾಡಿನ ತೆಳು ಪದರ ರೋಟರ್‌ಗೆ ಸಮನಾಗಿ ಹತ್ತುತ್ತದೆ. ಮಧ್ಯೆ ಪೂರ್ತಿ ನಿಲ್ಲಿಸಿದರೆ ಒಂದೇ ಕಡೆ ಮೆತ್ತಿಕೊಂಡು ಆಮೇಲೆ ಕಿರುಚುತ್ತದೆ.

ಕ್ರ್ಯಾಂಕ್: ಒಂದು ರಿಂಗೋ, ಎರಡೋ

ರೋಡ್ ಸೈಕಲ್‌ನ 50/34 (ದೊಡ್ಡ ರಿಂಗಿನ ಹಲ್ಲು/ಚಿಕ್ಕ ರಿಂಗಿನ ಹಲ್ಲು) ಇಲ್ಲಿ ಸಲ್ಲದು. 50 ಹಲ್ಲು ಬಳಸುವ ವೇಗ ಕೆಸರಲ್ಲಿ ಬರುವುದಿಲ್ಲ, ಎರಡರ ನಡುವೆ 16 ಹಲ್ಲಿನ ಜಿಗಿತ ಇರುವುದರಿಂದ ಮುಂದೆ ಒಂದು ಸಲ ಬದಲಿಸಿದರೆ ಹಿಂದೆ ಎರಡು ಮೂರು ಸಲ ಬದಲಿಸಬೇಕು. ಸೈಕ್ಲೋಕ್ರಾಸ್‌ನ ಸಾಂಪ್ರದಾಯಿಕ ಜೋಡಿ 46/36. ಜಿಗಿತ ಹತ್ತೇ ಹಲ್ಲು. ಶಿಮಾನೊ ಜಿಆರ್‌ಎಕ್ಸ್‌ನ 46/30 ಮತ್ತು 48/31 ಜಲ್ಲಿ ದಾರಿಯ ದೂರದ ಸವಾರಿಗೆ ಚೆಂದ, ಆದರೆ ರೇಸಿಗೆ ಅದೇ ದೊಡ್ಡ ಜಿಗಿತದ ತೊಂದರೆ. ಅದರ ಚೈನ್‌ಲೈನ್ (ಫ್ರೇಮಿನ ನಡುವಿನಿಂದ ಚೈನ್ ಇರುವ ದೂರ) ರೋಡ್ ಕ್ರ್ಯಾಂಕಿಗಿಂತ 2.5 ಮಿ.ಮೀ. ಹೊರಗಿರುವುದರಿಂದ ಮುಂದಿನ ಡಿರೇಲರ್ (ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂಡ ಜಿಆರ್‌ಎಕ್ಸ್‌ನದೇ ಬೇಕು.

ಒಂದೇ ರಿಂಗಿನ ಲೆಕ್ಕ ನೋಡಿ. ಮುಂದೆ 40 ಹಲ್ಲು, ಹಿಂದೆ 11-32 (11ರಿಂದ 32 ಹಲ್ಲಿನ ಗೇರ್ ಚಕ್ರಗಳು). ಮೇಲಿನ ಗೇರ್ 3.64 (40ನ್ನು 11ರಿಂದ ಭಾಗಿಸಿದ್ದು, ಪೆಡಲಿನ ಒಂದು ಸುತ್ತಿಗೆ ಚಕ್ರ ಅಷ್ಟು ಸುತ್ತು); 33 ಮಿ.ಮೀ. ಟಯರ್‌ನ ಸುತ್ತಳತೆ ಸುಮಾರು 2.1 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 41 ಕಿ.ಮೀ. ಕೆಳಗಿನ ಗೇರ್ 1.25, 60 ಸುತ್ತಿಗೆ ಒಂಬತ್ತೂವರೆ ಕಿ.ಮೀ. ಅದಕ್ಕಿಂತ ನಿಧಾನವಾದರೆ ಇಳಿದು ಸೈಕಲ್ ಹೆಗಲಿಗೇರಿಸಿ ಓಡುವುದೇ ಲೇಸು. 46/36ಕ್ಕೆ 11-28 ಹಾಕಿದರೆ ಕೆಳಗಿನ ಗೇರ್ 1.29, ಅಂದರೆ ಹತ್ತುವುದಕ್ಕೆ ಎರಡು ರಿಂಗಿನಿಂದ ಏನೂ ಹೆಚ್ಚಿಗೆ ಸಿಗಲಿಲ್ಲ. ಸಿಕ್ಕಿದ್ದು ಮೇಲಿನ ತುದಿಯ ವೇಗ ಮತ್ತು ಹಿಂದಿನ ಗೇರುಗಳ ನಡುವಿನ ಸಣ್ಣ ಅಂತರ. ಅದಕ್ಕೆ ಕೊಡುವ ಬೆಲೆ ಮುಂದಿನ ಡಿರೇಲರ್, ಅಂದರೆ ಕೆಸರು, ಹುಲ್ಲು ಸಿಕ್ಕಿಕೊಳ್ಳಲು ಇನ್ನೊಂದು ಜಾಗ. ರೇಸಿಗೆ 40ರ ಒಂದೇ ರಿಂಗ್. ಒಣಗಿದ ವೇಗದ ಕೋರ್ಸಿಗೆ 42. ಬರೀ ಕೆಸರು, ಏರು ಇದ್ದರೆ 38.

ಒಂದು ರಿಂಗ್ ಎಂದರೆ ಒಂದು ಹಲ್ಲು ದಪ್ಪ, ಒಂದು ತೆಳು ಇರುವ ರಿಂಗೇ ಆಗಬೇಕು, ಹಿಂದೆ ಚೈನ್ ಕುಣಿಯದಂತೆ ಬಿಗಿಹಿಡಿಯುವ ಕ್ಲಚ್ ಇರುವ ಡಿರೇಲರ್ ಬೇಕು. ಮಾಮೂಲಿ ರಿಂಗ್ ಒಂದನ್ನೇ ಉಳಿಸಿಕೊಂಡರೆ ಮೊದಲ ಉಬ್ಬಿಗೇ ಚೈನ್ ಹಾರುತ್ತದೆ. ಶಿಮಾನೊ ಡಿರೇಲರ್‌ನ ಕ್ಲಚ್‌ಗೆ ಪುಟ್ಟ ಸ್ವಿಚ್ ಇದೆ. ಚಕ್ರ ಬಿಚ್ಚುವಾಗ ಆಫ್ ಮಾಡಿದವರು ಆನ್ ಮಾಡಲು ಮರೆಯುತ್ತಾರೆ. ಚೈನ್ ಪದೇ ಪದೇ ಬೀಳುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಆ ಸ್ವಿಚ್ಚನ್ನು, ಆಮೇಲೆ ರಿಂಗಿನ ಹಲ್ಲು ಸವೆದಿದೆಯೇ ಎಂಬುದನ್ನು.

50ರ ಬದಲು 46 ಹಾಕುವವರಿಗೆ: ಒಂದು ಹಲ್ಲು ಕಮ್ಮಿಯಾದರೆ ರಿಂಗಿನ ತ್ರಿಜ್ಯ 2 ಮಿ.ಮೀ. ಕಮ್ಮಿ. ನಾಲ್ಕು ಹಲ್ಲಿಗೆ 8 ಮಿ.ಮೀ. ಮುಂದಿನ ಡಿರೇಲರ್ ಅಷ್ಟು ಕೆಳಗಿಳಿಯಬೇಕು, ಹೊರತಟ್ಟೆಗೂ ಹಲ್ಲಿಗೂ ನಡುವೆ 1ರಿಂದ 3 ಮಿ.ಮೀ. ಉಳಿಯಬೇಕು. ಫ್ರೇಮಿಗೆ ಬೆಸೆದ, ಡಿರೇಲರ್ ಕೂರುವ ಹ್ಯಾಂಗರಿನ ಸೀಳು ಅಷ್ಟು ಕೆಳಕ್ಕೆ ಬಿಡದಿದ್ದರೆ ಗೇರ್ ಎಂದೂ ಸರಿಯಾಗಿ ಬೀಳುವುದಿಲ್ಲ. ಚೈನನ್ನೂ ಒಂದು ಇಂಚು, ಅಂದರೆ ಒಂದು ಜೊತೆ ಕೊಂಡಿ, ಗಿಡ್ಡ ಮಾಡಬೇಕು. ಬೋಲ್ಟ್ ವೃತ್ತ (ರಿಂಗಿನ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 110 ಮಿ.ಮೀ. ಇದ್ದರೆ 36ರ ರಿಂಗ್ ಕೂರುತ್ತದೆ. ಹಳೆಯ 130ರ ಕ್ರ್ಯಾಂಕಿನಲ್ಲಿ 38ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಕ್ರ್ಯಾಂಕಿನ ಉದ್ದದಲ್ಲಿ ಸಂದೇಹ ಬಂದರೆ ಗಿಡ್ಡದ್ದನ್ನೇ ಆರಿಸಿ. ಚಕ್ರದ ಅಚ್ಚು ನೆಲದಿಂದ 340 ಮಿ.ಮೀ., ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್) ಅದಕ್ಕಿಂತ 65 ಕೆಳಗೆ ಎಂದುಕೊಂಡರೆ 170ರ ಕ್ರ್ಯಾಂಕಿನಲ್ಲಿ ಪೆಡಲಿನ ಅಚ್ಚು ನೆಲದಿಂದ 105 ಮಿ.ಮೀ.; 175ರಲ್ಲಿ 100. ಓರೆ ಇಳಿಜಾರಿನಲ್ಲಿ ತುಳಿಯುತ್ತಾ ಹೋಗುವಾಗ ಆ 5 ಮಿ.ಮೀ. ಲೆಕ್ಕಕ್ಕೆ ಬರುತ್ತದೆ.

ಬೇರಿಂಗಿನ ವಿಷಯದಲ್ಲಿ ಶಿಮಾನೊದ 24 ಮಿ.ಮೀ. ಉಕ್ಕಿನ ಅಚ್ಚಿನ ಕ್ರ್ಯಾಂಕ್, ಥ್ರೆಡ್ ಇರುವ 68 ಮಿ.ಮೀ. ಶೆಲ್ (ಬೇರಿಂಗ್ ಕೂರುವ ಫ್ರೇಮಿನ ಕೊಳವೆ): ಕೆಸರಿಗೆ ಇಷ್ಟು ಸರಳವಾದ ಜೋಡಿ ಇನ್ನೊಂದಿಲ್ಲ. ಬಲಗಡೆಯ ಕಪ್ (ಬೇರಿಂಗ್ ಇರುವ ಬಟ್ಟಲು) ಉಲ್ಟಾ ಥ್ರೆಡ್ಡಿನದು, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ; 35ರಿಂದ 50 ನ್ಯೂಟನ್ ಮೀಟರ್. ಅಚ್ಚಿಗೆ ಗ್ರೀಸ್ ಸವರಿ ಬಲಗಡೆಯಿಂದ ತೂರಿಸಿ, ಎಡತೋಳು ಹಾಕಿ, ಪ್ಲಾಸ್ಟಿಕ್ ಮುಚ್ಚಳವನ್ನು ಕೈಬಿಗಿಯಷ್ಟೇ, 0.7ರಿಂದ 1.5, ತಿರುಗಿಸಿ. ಇದನ್ನು ಬಲ ಹಾಕಿ ಬಿಗಿದರೆ ಬೇರಿಂಗ್ ಒಂದೇ ಋತುವಿನಲ್ಲಿ ಸಾಯುತ್ತದೆ. ಸುರಕ್ಷಾ ತಗಡನ್ನು ಒತ್ತಿ ಕೂರಿಸಿ, ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ 12ರಿಂದ 14ಕ್ಕೆ ತನ್ನಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮೊದಲಿನದು ಸಡಿಲವಾಗಿರುತ್ತದೆ. ಎಡತೋಳು ಕಳಚಿ ಬೀಳುವುದು ಹೀಗೆಯೇ.

ತೊಳೆಯುವಾಗ ಪ್ರೆಶರ್ ವಾಷರ್‌ನ ನೀರನ್ನು ಬಾಟಮ್ ಬ್ರಾಕೆಟ್ಟಿಗೂ ಹಬ್‌ಗೂ ನೇರ ಹೊಡೆಯಬೇಡಿ, ಸೀಲ್ ದಾಟಿ ಒಳಗೆ ಹೋಗುತ್ತದೆ. ತೊಳೆದ ಮೇಲೆ ಚೈನನ್ನು ರಿಂಗಿನಿಂದ ಇಳಿಸಿ ಕ್ರ್ಯಾಂಕನ್ನು ಬೆರಳಿನಿಂದ ತಿರುಗಿಸಿ ನೋಡಿ. ಮರಳು ಉಜ್ಜಿದಂತೆ ಕೈಗೆ ತಿಳಿದರೆ ಮುಂದಿನ ರೇಸಿಗೆ ಕಾಯದೆ ಕಪ್ ಬದಲಿಸಿ.